ಏಳನೆಯ ಬಿರುಗೂದಲು

ಎಂಬತ್ತೆಂಟನೆಯ ಫೋಟೋದಲ್ಲಿ ಆ ಕೂದಲು ಇಲ್ಲಿತ್ತು, ಎಂಬತ್ತೊಂಬತ್ತನೆಯದರಲ್ಲಿ ಅಲ್ಲಿತ್ತು. ಎರಡೂ ಜಾಗದಲ್ಲಿ ಒಟ್ಟಿಗೆ ಇದ್ದ ಫೋಟೋ ಇನ್ನೂರ ಹನ್ನೆರಡರಲ್ಲಿ ಒಂದೂ ಇರಲಿಲ್ಲ. ಅವಳು ಬಿಸಿ ಪಾತ್ರೆ ಮುಟ್ಟಿದವಳಂತೆ ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು; ಮತ್ತೆ ಮೌಸು ಹಿಡಿದು ಎಂಬತ್ತೆಂಟು, ಎಂಬತ್ತೊಂಬತ್ತು, ಎಂಬತ್ತೆಂಟು ಎಂದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕೂದಲು ಗಡಿಯಾರದ ಮುಳ್ಳಿನಂತೆ ಒಂದು ಗೀಟಿನಷ್ಟು ಆ ಕಡೆ ಈ ಕಡೆ ಆಡಿತು. ಬೆಳಗಿನ ಹತ್ತೂವರೆ. ಕೀಟ ಸಂಗ್ರಹಾಲಯದ ಮೂರನೆಯ ಮಹಡಿಯ ಈ ಕೋಣೆಗೆ ಕಿಟಕಿಯಿಲ್ಲ. ಬೆಳಕಿನ ಬಣ್ಣ ಬದಲಾಗಬಾರದೆಂದು ಇದ್ದ ಒಂದು ಕಿಟಕಿಯನ್ನೂ ಅವಳೇ ಅರ್ಜಿ ಬರೆದು, ಮೂರು ಸಲ ನೆನಪೋಲೆ ಕಳಿಸಿ, ಕಪ್ಪು ಹಲಗೆ ಹೊಡೆಸಿ ಮುಚ್ಚಿಸಿದ್ದಳು. ಆ ಹಲಗೆಯ ಅಂಚಿನಿಂದ ಒಂದು ಎಳೆ ಬಿಸಿಲು ಇಂದೂ ಒಳಗೆ ಬಿದ್ದಿತ್ತು. ಐದು ವರ್ಷಗಳಿಂದ ಆ ಎಳೆ ಅಂಚಿನ ಯಾವ ಬಿರುಕಿನಿಂದ ನುಸುಳುತ್ತದೆಂದು ಅವಳಿಗೆ ಪತ್ತೆಯಾಗಿರಲಿಲ್ಲ. ಅದೊಂದನ್ನು ಬಿಟ್ಟರೆ ಈ ಕೋಣೆಯಲ್ಲಿ ಅವಳಿಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದೇ ಇಷ್ಟು ದಿನ ಎದೆಯುಬ್ಬಿಸಿ ನಡೆದಿದ್ದಳು.

ಜೀರುಂಡೆಯ ಉದ್ದ ಮೂರು ಮಿಲಿಮೀಟರ್. ಅಷ್ಟು ಸಣ್ಣದಕ್ಕೆ ಅಷ್ಟು ಹತ್ತಿರ ಹೋದ ಲೆನ್ಸಿಗೆ ಒಂದು ಸಲಕ್ಕೆ ಕೂದಲಿನ ದಪ್ಪದಷ್ಟು ಆಳ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಮೀಸೆ ಕಂಡರೆ ಕಣ್ಣು ಮಸುಕು, ಕಣ್ಣು ಕಂಡರೆ ಬೆನ್ನು ಮಸುಕು. ಆದ್ದರಿಂದ ಹುಳವನ್ನು ಎಳ್ಳಷ್ಟೂ ಅಲ್ಲ, ಎಳ್ಳಿನ ನೂರರಲ್ಲೊಂದು ಪಾಲು ಮೇಲೆತ್ತುತ್ತ ಒಂದೊಂದು ಫೋಟೋ ತೆಗೆಯಬೇಕು, ಆಮೇಲೆ ಎಲ್ಲವನ್ನೂ ಸಾಫ್ಟ್‌ವೇರಿಗೆ ಕೊಟ್ಟು ಪ್ರತಿಯೊಂದರ ಸ್ಪಷ್ಟ ಭಾಗವನ್ನಷ್ಟೇ ಆರಿಸಿ ಒಂದೇ ಚಿತ್ರವಾಗಿ ಕೂಡಿಸಬೇಕು. ಕೂಡಿಸುವಾಗ ಸಾಫ್ಟ್‌ವೇರು ಎಡವುತ್ತದೆ. ಒಂದರ ಹಿಂದೆ ಒಂದು ನಿಂತ ಕೂದಲುಗಳ ಸುತ್ತ ಹೊಗೆಯಂಥ ನೆರಳು ಉಳಿಯುತ್ತದೆ, ಇಲ್ಲದ್ದು ಇದ್ದಂತೆ ಕಾಣುತ್ತದೆ. ಇವನ್ನು ಈ ಮಹಡಿಯಲ್ಲಿ ಎಲ್ಲರೂ ದೆವ್ವ ಎನ್ನುತ್ತಾರೆ. ದೆವ್ವ ಬಿಡಿಸುವುದೇ ಅವಳ ಕೆಲಸ. ಮೂಲ ಫೋಟೋಗಳನ್ನು ಪದರ ಪದರವಾಗಿ ತೆರೆದು, ಬ್ರಷ್ಷಿನಿಂದ ಸುಳ್ಳನ್ನು ಒರೆಸಿ ನಿಜವನ್ನು ಬಳಿಯುವುದು. ಪದರಗಳ ಮಾತೇ ಆಡುತ್ತಾಳೆಂದು, ಹತ್ತಿರ ಕೂತವರ ಕಣ್ಣಲ್ಲಿ ನೀರು ಬರುವಷ್ಟು ಹೊತ್ತು ಆಡುತ್ತಾಳೆಂದು, ಅವಳಿಗೆ ಈರುಳ್ಳಿ ಎಂದು ಹೆಸರಿಟ್ಟಿದ್ದರು. ಅವಳಿಗೆ ಬೇಸರವಾಗಿರಲಿಲ್ಲ. ಬೇರೆ ಊರುಗಳ ಸಂಗ್ರಹಾಲಯದವರು ತಮ್ಮ ಚಿತ್ರಗಳನ್ನು ಅವಳಿಗೆ ಕಳಿಸಿ, ಇದರಲ್ಲಿ ದೆವ್ವ ಇದೆಯೇ ನೋಡಿ ಎಂದು ಕೇಳುತ್ತಿದ್ದರು. ಅವಳು ನೋಡಿದ ಮೇಲೆ ಇಲ್ಲ ಎಂದರೆ ಇಲ್ಲ.

ಈ ಹುಳದ ಎಡ ಮುಂಗಾಲಿನಲ್ಲಿ ಏಳು ಬಿರುಗೂದಲುಗಳಿದ್ದವು. ಇದರ ತದ್ರೂಪಿಯಂತಿರುವ, ನಲವತ್ತು ವರ್ಷಗಳಿಂದ ಎಲ್ಲರಿಗೂ ಗೊತ್ತಿರುವ ಇನ್ನೊಂದು ಜೀರುಂಡೆಗೆ ಆರು. ಆ ಒಂದು ಕೂದಲಿನ ಮೇಲೆ ಸಂಗ್ರಹಾಲಯದ ಹಿರಿಯ ವಿಜ್ಞಾನಿ, ಎಲ್ಲರೂ ಮೇಷ್ಟ್ರು ಎನ್ನುವವರು, ಇದು ಹೊಸ ಪ್ರಭೇದವೆಂದು ಹದಿನಾಲ್ಕು ಪುಟದ ಪ್ರಬಂಧ ಬರೆದಿದ್ದರು. ವಿಜ್ಞಾನ ಪತ್ರಿಕೆಯವರು ಒಪ್ಪಿದ್ದರು. ಅಚ್ಚಿನ ಕರಡು ಬಂದಿತ್ತು. ಅದನ್ನು ತಿದ್ದಿ ಇಂದು ಸಂಜೆ ಐದರೊಳಗೆ ಹಿಂದಿರುಗಿಸಬೇಕು, ಜೊತೆಗೆ ಮುಂಗಾಲಿನ ದೊಡ್ಡ ಚಿತ್ರವೊಂದು ಬೇಕು ಎಂದಿದ್ದರು. ಆ ದೊಡ್ಡ ಚಿತ್ರಕ್ಕಾಗಿಯೇ ಅವಳು ಮೂಲ ಫೋಟೋಗಳನ್ನು ತೆರೆದದ್ದು. ಅವಳಿಗೆ ಈಗ ಸದ್ದು ನೆನಪಾಯಿತು. ಫೋಟೋ ತೆಗೆಯುತ್ತಿದ್ದ ದಿನ ಪಕ್ಕದ ಕೋಣೆಯಲ್ಲಿ ಕಬ್ಬಿಣದ ಬೀರು ಎಳೆದಿದ್ದರು, ನೆಲ ನಡುಗಿತ್ತು, ಸೂಜಿಯ ಮೇಲೆ ಒಣಗಿ ನಿಂತ ಹುಳದ ಕಾಲು, ಅದೊಂದೇ ಕಾಲು, ಉಸಿರಿನಷ್ಟು ಸರಿದಿರಬೇಕು. ಆ ಆಳದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಒಂದೇ ಕೂದಲು. ಸರಿಯುವ ಮುನ್ನ ಒಂದು ಸಲ, ಸರಿದ ಮೇಲೆ ಒಂದು ಸಲ. ಸಾಫ್ಟ್‌ವೇರು ಎರಡನ್ನೂ ಇಟ್ಟುಕೊಂಡಿತ್ತು. ಹೊಗೆಯಿಲ್ಲ, ನೆರಳಿಲ್ಲ, ಬುಡದಿಂದ ತುದಿಯವರೆಗೆ ತಿದ್ದಿ ತೀಡಿದಂಥ ಕೂದಲು. ಇಷ್ಟು ಸುಂದರವಾದ ದೆವ್ವವನ್ನು ಅವಳು ಕಂಡಿರಲಿಲ್ಲ, ಆದ್ದರಿಂದಲೇ ಕಾಣಲಿಲ್ಲ.

ಇದಿಷ್ಟೇ ಆಗಿದ್ದರೆ ಬೇರೆ ಮಾತು. ಹುಳಕ್ಕೆ ಬಲ ಮುಂಗಾಲಿರಲಿಲ್ಲ. ಸಿಕ್ಕಾಗಲೇ ಮುರಿದಿತ್ತು. ಮೊದಲು ಈ ಚಿತ್ರವನ್ನು ಮಾಡಿದ್ದು ಪ್ರಬಂಧಕ್ಕಲ್ಲ, ಸಂಗ್ರಹಾಲಯದ ಬಾಗಿಲಲ್ಲಿ ಆಳೆತ್ತರಕ್ಕೆ ತೂಗುಹಾಕುವ ಪೋಸ್ಟರಿಗೆ. ನೋಡಲು ಬಂದ ಮಕ್ಕಳಿಗೆ ಕುಂಟ ಹುಳ ಯಾಕೆ ಎಂದುಕೊಂಡು ಅವಳು ಎಡಗಾಲನ್ನೇ ಕತ್ತರಿಸಿ, ಕನ್ನಡಿಯಲ್ಲಿ ಕಂಡಂತೆ ಮಗುಚಿ, ಬಲಕ್ಕೆ ಕೂರಿಸಿದ್ದಳು. ಬೆಳಕು ಎಡದಿಂದ ಬೀಳುತ್ತಿತ್ತೆಂದು ಮಗುಚಿದ ಕಾಲಿನ ಹೊಳಪನ್ನು ಒರೆಸಿ ಇನ್ನೊಂದು ಮಗ್ಗುಲಿಗೆ ಬಳಿದಿದ್ದಳು. ಕೀಲಿನ ಬಳಿ ನಾಲ್ಕು ದಿನ ಕೂತಿದ್ದಳು. ಮೇಷ್ಟ್ರು ಆ ಪೋಸ್ಟರಿನ ಮುಂದೆ ನಿಂತು, ಕನ್ನಡಕವನ್ನು ಹಣೆಗೇರಿಸಿ, ಕೈಮಸೂರ ಹಿಡಿದು ಬಲಕ್ಕೊಮ್ಮೆ ಎಡಕ್ಕೊಮ್ಮೆ ಎಣಿಸಿ, "ಏಳು. ಈ ಕಡೆನೂ ಏಳು. ಅಲ್ಲಮ್ಮಾ, ಇದನ್ನ ಇಷ್ಟು ದಿನ ಯಾರೂ ನೋಡಿಲ್ಲ ಅಂದ್ರೆ ಕಣ್ಣು ಇದ್ದಿದ್ದು ನಿನಗೊಬ್ಬಳಿಗೇ ಅಂತಾಯ್ತು," ಎಂದಿದ್ದರು. ಆಗ ಸುತ್ತ ಆರು ಜನ ನಿಂತಿದ್ದರು. ಬಲಗಾಲು ನಾನು ಇಟ್ಟದ್ದು ಸರ್ ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದು, ಹೊಗಳಿಕೆಯ ಸವಿ ತಗುಲಿ, ಅಲ್ಲೇ ಕೂತುಬಿಟ್ಟಿತು. ಎಡದ್ದು ನಿಜವಾದರೆ ಬಲದ್ದೂ ನಿಜವೇ ಅಲ್ಲವೇ ಎಂದು ಸಮಾಧಾನ ಹೇಳಿಕೊಂಡಳು. ಕೋಣೆಗೆ ಬಂದು ತನ್ನ ದಿನಚರಿ ಪುಸ್ತಕದಲ್ಲಿ, ಗೀಟೆಳೆದ ಅಂಕಣದಲ್ಲಿ, 'ಬಲ ಮುಂಗಾಲು: ಎಡದ್ದನ್ನು ಮಗುಚಿ ಇಟ್ಟದ್ದು' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಳು. ಬರೆದಿಟ್ಟರೆ ಹೇಳಿದ ಹಾಗಾಗುವುದಿಲ್ಲ ಎಂದು ಬರೆಯುವಾಗಲೇ ಗೊತ್ತಿತ್ತು.

"ಈರುಳ್ಳಿ, ಮೇಷ್ಟ್ರು ಕರೀತಿದಾರೆ," ಎಂದು ಬಾಗಿಲಲ್ಲಿ ಚೀಟಿಯವರು ನಿಂತಿದ್ದರು. ಹುಳದ ಸೂಜಿಗೆ ಚುಚ್ಚುವ ಉಗುರಗಲದ ಚೀಟಿಗಳನ್ನು ಮೂವತ್ತು ವರ್ಷಗಳಿಂದ ಕೈಯಲ್ಲೇ ಬರೆಯುತ್ತ ಬಂದ ಹೆಂಗಸು. ಅವರ ಅಕ್ಷರ ಚಿಕ್ಕದು, ಬಾಯಿ ದೊಡ್ಡದು.

"ಯಾಕಂತೆ?"

"ನನಗೇನು ಗೊತ್ತು. ಮುಖ ನೋಡಿದ್ರೆ ಮದುವೆ ಗಂಡಿನ ಹಾಗಿದಾರೆ. ನಿಂದ್ಯಾಕೆ ಹೀಗಿದೆ ಮುಖ, ದೆವ್ವ ಹಿಡೀತಾ?"

"ಇಲ್ಲ. ಕಣ್ಣು ನೋವು."

"ಕಣ್ಣಿಟ್ಟು ಕಣ್ಣಿಟ್ಟು ಹುಳಕ್ಕೇ ದೃಷ್ಟಿ ಆಗಿರುತ್ತೆ. ಹೋಗು ಹೋಗು, ಕಾಯ್ತಿದಾರೆ."

ಮೇಷ್ಟ್ರು ಈ ತಿಂಗಳ ಕೊನೆಗೆ ನಿವೃತ್ತರಾಗುವವರು. ಅವರ ಕೋಣೆಯ ಅರ್ಧ ರಟ್ಟಿನ ಪೆಟ್ಟಿಗೆಗಳಲ್ಲಿ ಸೇರಿಹೋಗಿತ್ತು. ಸೂಕ್ಷ್ಮದರ್ಶಕ ಮಾತ್ರ ಮೇಜಿನ ಮೂಲೆಯಲ್ಲಿ ಹಸಿರು ಬಟ್ಟೆ ಹೊದ್ದು ಕೂತಿತ್ತು. ಎರಡು ವರ್ಷಗಳಿಂದ, ಕಣ್ಣಿಗೆ ಪೊರೆ ಬಂದಂದಿನಿಂದ, ಅವರು ಅದನ್ನು ಮುಟ್ಟಿರಲಿಲ್ಲ. ನಿನ್ನ ಚಿತ್ರ ಇರುವಾಗ ಇದರೊಳಗೆ ಇಣುಕಿ ಕತ್ತು ಯಾಕೆ ನೋಯಿಸಿಕೊಳ್ಳಲಿ ಎನ್ನುತ್ತಿದ್ದರು. ಕೇಳಿದಾಗೆಲ್ಲ ಅವಳು ಒಂದು ಅಂಗುಲ ಬೆಳೆಯುತ್ತಿದ್ದಳು. ಅವಳು ತೆಗೆದ ಚಿತ್ರ ನೋಡಿಯೇ ಬರೆಯುವುದು ಇಲ್ಲಿಯ ಪದ್ಧತಿಯಾಗಿತ್ತು. ಮೇಷ್ಟ್ರು ಕರಡಿನ ಮೊದಲ ಪುಟವನ್ನು ಅವಳ ಕಡೆ ತಿರುಗಿಸಿ, ಒಂದು ಪದದ ಕೆಳಗೆ ಬೆರಳಿಟ್ಟು, "ಓದು," ಎಂದರು. ಅವಳು ಓದಿದಳು. ಇಷ್ಟು ದಿನ ಖಾಲಿ ಬಿಟ್ಟಿದ್ದ ಜಾಗದಲ್ಲಿ ಪ್ರಭೇದದ ಹೆಸರು ಓರೆಯಕ್ಷರಗಳಲ್ಲಿ ಕೂತಿತ್ತು. ಅದು ಅವಳ ಹೆಸರು. ಶಾಲೆಯ ಹಾಜರಿಯಲ್ಲಿ ತಪ್ಪಾಗಿ ಕೂಗುತ್ತಿದ್ದ, ಇಲ್ಲಿ ಯಾರೂ ಕರೆಯದೆ ಮರೆತುಹೋಗಿದ್ದ ಅದೇ ಹೆಸರಿಗೆ ಪುಟ್ಟದೊಂದು ಲ್ಯಾಟಿನ್ ಬಾಲ ಅಂಟಿಕೊಂಡಿತ್ತು.

"ನಾನು ಹೆಸರಿಟ್ಟ ಹುಳ ಮೂವತ್ತೊಂಬತ್ತು ಆಗಿತ್ತು," ಎಂದರು ಮೇಷ್ಟ್ರು. "ಇದು ನಲವತ್ತು. ಎಲ್ಲದಕ್ಕೂ ಆ ದೊರೆ, ಈ ಪ್ರೊಫೆಸರು ಅಂತ ಇಟ್ಟೆ. ಕೊನೇದಕ್ಕಾದ್ರೂ ಕೆಲಸ ಮಾಡಿದವರ ಹೆಸರು ಇರ್ಲಿ."

"ಸರ್," ಎಂದಳು. ಹೇಳಬೇಕಾದ್ದು ನಾಲಿಗೆಯ ತುದಿಯಲ್ಲೇ ಇತ್ತು. "ಐದು ಗಂಟೆವರೆಗೆ ಸಮಯ ಇದೆ ಅಲ್ವಾ ಸರ್?"

"ಇದೆ. ಯಾಕೆ, ಬಾಲ ಚೆನ್ನಾಗಿಲ್ವಾ?"

"ಚೆನ್ನಾಗಿದೆ," ಎಂದಳು, ಮತ್ತು ಅದು ಸುಳ್ಳಾಗಿರಲಿಲ್ಲ. ಮೆಟ್ಟಿಲು ಹತ್ತುವಾಗ ತನ್ನ ಹೆಸರನ್ನು ಆ ಬಾಲದೊಂದಿಗೆ ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡಳು. ಮನುಷ್ಯರು ಸಾಯುತ್ತಾರೆ, ಸಂಗ್ರಹಾಲಯಗಳು ಮುಚ್ಚುತ್ತವೆ, ಓರೆಯಕ್ಷರದ ಹೆಸರು ಹೋಗುವುದಿಲ್ಲ. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಆ ಹಾಲು ಒಡೆದಿದೆಯೆಂದೂ ಗೊತ್ತಿತ್ತು.

ಕೋಣೆಗೆ ಬಂದು ಹುಳವನ್ನು ಡಬ್ಬಿಯಿಂದ ತೆಗೆದು ದೀಪದ ಕೆಳಗಿಟ್ಟಳು. ಬರಿಗಣ್ಣಿಗೆ ಅದೊಂದು ಕರಿಯ ಚುಕ್ಕೆ. ಯಾರಿಗೆ ಗೊತ್ತಾಗುತ್ತದೆ? ಇರುವುದು ಇದೊಂದೇ ಹುಳ. ಎಂಬತ್ತರಿಂದ ತೊಂಬತ್ತೈದರವರೆಗಿನ ಫೋಟೋಗಳನ್ನು ಅಳಿಸಲು ಎರಡು ಕೀಲಿ ಒತ್ತಿದರೆ ಸಾಕು. ಒಣಗಿದ ಕಾಲು ಇಕ್ಕಳದ ತುದಿ ತಾಗಿದರೂ ಉದುರುತ್ತದೆ, ಉದುರಿದ ಕಾಲಿಗೆ ಎಷ್ಟು ಕೂದಲಿತ್ತೆಂದು ಯಾರು ಎಣಿಸುತ್ತಾರೆ? ಇಕ್ಕಳ ಅವಳ ಕೈಯಲ್ಲೇ ಇತ್ತು. ಯಾವಾಗ ಎತ್ತಿಕೊಂಡಳೋ ನೆನಪಾಗಲಿಲ್ಲ. ಅವಳ ಕೈ ನಡುಗುವುದಿಲ್ಲ, ಅದಕ್ಕೆ ಹೆಸರಾದ ಕೈ, ಈಗಲೂ ನಡುಗಲಿಲ್ಲ. ನಡುಗದ ಕೈಯನ್ನು ನೋಡಿ ಅವಳಿಗೆ ಹೆದರಿಕೆಯಾಯಿತು. ಮೇಜಿನ ಮೇಲೆ ಫೋನು ಗುರುಗುಟ್ಟಿತು. ಅಮ್ಮ. ಮಧ್ಯಾಹ್ನ ಒಂದು ಗಂಟೆಗೆ, ಊಟವಾಯಿತೇ ಎಂದು ಕೇಳುವ ನೆಪದಲ್ಲಿ, ಅಮ್ಮ ದಿನವೂ ಬೇರೆ ಏನನ್ನೋ ಹೇಳುತ್ತಾಳೆ.

"ಊಟ ಆಯ್ತಾ? ಇಲ್ಲ ಅಂತ ಗೊತ್ತು, ಹೇಳ್ಬೇಡ. ನೋಡು, ಗೋಡೆ ಸುಣ್ಣದವನು ಬಂದಿದಾನೆ, ಅಪ್ಪನ ಫೋಟೋ ಇಳಿಸಿ ಮಂಚದ ಮೇಲಿಟ್ಟಿದೀನಿ. ಒರೆಸ್ತಾ ಇದ್ದೆ. ಅವನಿಗೂ ತೋರಿಸಿದೆ. ದೊಡ್ಡವಳ ಮದುವೇದು ಕಣಪ್ಪಾ, ಇವರು ಬರಲ್ಲ ಅಂತ ಹಟ ಹಿಡಿದಿದ್ರು, ಕೊನೇ ಗಳಿಗೇಲಿ ಬಂದು ನಿಂತ್ಕೊಂಡ್ರು ಅಂತ. ಅವತ್ತು ಬೆವರಿ ಹೋಗಿದ್ರು ಪಾಪ, ಓಡಿಕೊಂಡು ಬಂದಿದ್ದಕ್ಕೆ."

"ಹೂಂ ಅಮ್ಮ."

"ಹೂಂ ಅನ್ನಬೇಡ, ಉಣ್ಣು."

ಅಪ್ಪ ಬಂದಿರಲಿಲ್ಲ. ಹಟ ಹಿಡಿದದ್ದು ನಿಜ, ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂತದ್ದು ನಿಜ. ಎರಡು ವರ್ಷದ ಮೇಲೆ ಅಪ್ಪ ತೀರಿಕೊಂಡಾಗ, ಆಗಷ್ಟೇ ಸಾಫ್ಟ್‌ವೇರು ಕಲಿಯುತ್ತಿದ್ದ ಅವಳು ಇನ್ನೆಲ್ಲಿಯದೋ ಫೋಟೋದಿಂದ ಅಪ್ಪನನ್ನು ಬಿಡಿಸಿ ತಂದು ಅಕ್ಕ ಮತ್ತು ಭಾವನ ಹಿಂದೆ ನಿಲ್ಲಿಸಿದ್ದಳು. ಬೇರೆಡೆಯ ಬಿಸಿಲಲ್ಲಿ ನಿಂತ ಅಪ್ಪನ ಹಣೆಯ ಹೊಳಪನ್ನು ಒರೆಸುವುದು ಆಗ ಅವಳಿಗೆ ಬರುತ್ತಿರಲಿಲ್ಲ. ಆ ಹೊಳಪೇ ಅಮ್ಮನಿಗೆ ಬೆವರಾಗಿತ್ತು. ಮೊದಲ ವರ್ಷ ಅಮ್ಮ, ನನ್ನ ಚಿಕ್ಕ ಮಗಳು ಕೂಡಿಸಿಕೊಟ್ಟಿದ್ದು ಎಂದು ಬಂದವರಿಗೆಲ್ಲ ತೋರಿಸಿದಳು. ಎರಡನೆಯ ವರ್ಷ ಬರಿದೆ ತೋರಿಸಿದಳು. ಈಗ ಅಪ್ಪ ಬಂದದ್ದು, ಬೆವರಿದ್ದು, ಓಡಿದ್ದು, ಎಲ್ಲವೂ ಆಗಿಹೋಗಿತ್ತು. ಅಕ್ಕ ಆ ಫೋಟೋವನ್ನು ಮನೆಗೆ ಒಯ್ಯಲೇ ಇಲ್ಲ. ಒಮ್ಮೆ, ಬಟ್ಟೆ ಮಡಚುತ್ತ, ತಲೆಯೆತ್ತದೆ ಹೇಳಿದ್ದಳು: "ನೀನು ಮಾಡಿದ ಅಪ್ಪ ನನ್ನ ಮದುವೆಗೆ ಬಂದಿದಾನೆ ಕಣೇ. ನನ್ನಪ್ಪ ಬರ್ಲಿಲ್ಲ. ಅವನು ಬರ್ಲಿಲ್ಲ ಅಂತ ನಾನು ಯಾರ ಹತ್ರ ಅಳಲಿ ಈಗ?" ಅಂದು ಅವಳಿಗೆ ಆ ಮಾತು ಕೃತಘ್ನತೆಯಂತೆ ಕೇಳಿಸಿತ್ತು. ಎಷ್ಟು ಕಷ್ಟಪಟ್ಟು ಕೂಡಿಸಿದ್ದೆ, ಭುಜದ ಅಂಚು ನೋಡು, ಎಲ್ಲಿಯಾದರೂ ಗೊತ್ತಾಗುತ್ತದೆಯೇ ಎಂದು ಜಗಳಕ್ಕೆ ಬಿದ್ದಿದ್ದಳು. ಈಗ ಇಕ್ಕಳ ಹಿಡಿದು ಕೂತವಳಿಗೆ, ಅಕ್ಕ ಅಂದು ಅಂಚಿನ ಮಾತನ್ನೇ ಆಡಿರಲಿಲ್ಲ ಎಂಬುದು ಹೊಳೆಯಿತು. ಇನ್ನು ಐವತ್ತು ವರ್ಷದ ಮೇಲೆ ಯಾರೋ ಒಬ್ಬರು, ಅವಳಂಥದ್ದೇ ಕೋಣೆಯಲ್ಲಿ ಕೂತು, ಏಳು ಕೂದಲಿನ ಹುಳವನ್ನು ಹುಡುಕುತ್ತಾರೆ. ಆರು ಕೂದಲಿನದು ಸಿಕ್ಕಿದಾಗೆಲ್ಲ ಬಿಸಾಡುತ್ತಾರೆ. ತಮ್ಮ ಕಣ್ಣನ್ನೇ ಅನುಮಾನಿಸುತ್ತಾರೆ. ಹುಡುಕುವಾಗ ಅವಳ ಹೆಸರನ್ನೇ ಹೇಳಿಕೊಳ್ಳುತ್ತಾರೆ, ಬಾಲದ ಸಮೇತ.

ಇಕ್ಕಳವನ್ನು ಅದರ ಜಾಗದಲ್ಲಿಟ್ಟಳು. ಊಟ ಮಾಡಲಿಲ್ಲ. ಎಂಬತ್ತೆಂಟು ಮತ್ತು ಎಂಬತ್ತೊಂಬತ್ತನ್ನು ಅಚ್ಚು ಹಾಕಿಸಿ, ದಿನಚರಿ ಪುಸ್ತಕವನ್ನೂ ಹುಳದ ಡಬ್ಬಿಯನ್ನೂ ತಟ್ಟೆಯಲ್ಲಿಟ್ಟುಕೊಂಡು ಕೆಳಗಿಳಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಮೇಷ್ಟ್ರು ಕರಡಿನ ಕೊನೆಯ ಪುಟದಲ್ಲಿದ್ದರು.

"ಸರ್, ಏಳಲ್ಲ. ಆರು."

"ಏನು ಆರು?"

"ಮುಂಗಾಲಿನ ಬಿರುಗೂದಲು. ಕಾಲು ಅಲುಗಾಡಿ ಒಂದೇ ಕೂದಲು ಎರಡು ಸಲ ಬಿದ್ದಿದೆ. ಬೆಳಿಗ್ಗೆ ನೋಡಿದೆ. ಬೆಳಿಗ್ಗೆನೇ ಹೇಳ್ಬೇಕಿತ್ತು."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. "ಬಲಗಾಲಲ್ಲೂ ಏಳಿದೆಯಲ್ಲಮ್ಮ. ಎರಡು ಕಾಲೂ ಒಂದೇ ಥರ ಅಲುಗಾಡ್ತಾ?"

"ಬಲಗಾಲೇ ಇಲ್ಲ ಸರ್."

"ಅಂದ್ರೆ?"

"ಹುಳಕ್ಕೆ ಬಲ ಮುಂಗಾಲಿಲ್ಲ. ನಾನು ಇಟ್ಟಿದ್ದು. ಎಡದ್ದನ್ನೇ ಮಗುಚಿ." ಅವಳು ಪುಸ್ತಕ ತೆರೆದು ಸಾಲಿನ ಕೆಳಗೆ ಬೆರಳಿಟ್ಟಳು. ಬೆಳಿಗ್ಗೆ ಅವರು ಬೆರಳಿಟ್ಟ ಹಾಗೆಯೇ ಇಟ್ಟೆನೆಂದು ತಿಳಿದು ನಾಚಿಕೆಯಾಯಿತು, ತೆಗೆದಳು. ಮೇಷ್ಟ್ರು ಆ ಸಾಲನ್ನು ಬಹಳ ಹೊತ್ತು ಓದಿದರು, ಅಷ್ಟು ಉದ್ದದ ಸಾಲಾಗಿರಲಿಲ್ಲ ಅದು. ಆಮೇಲೆ ಎದ್ದು ಸೂಕ್ಷ್ಮದರ್ಶಕದ ಹಸಿರು ಬಟ್ಟೆ ತೆಗೆದು, ನಾಲ್ಕಾಗಿ ಮಡಚಿ, ಪೆಟ್ಟಿಗೆಯ ಮೇಲಿಟ್ಟರು. ಹುಳವನ್ನು ತಾವೇ ಕೂರಿಸಿದರು. ಕಣ್ಣಿಟ್ಟರು. ತಿರುಪನ್ನು ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು; ಅವರ ಕತ್ತಿನ ಹಿಂಭಾಗದ ಬಿಳಿಗೂದಲು, ಅಂಗಿಯ ಕಾಲರಿನ ಸವೆದ ಅಂಚು ಅವಳಿಗೆ ಕಾಣುತ್ತಿತ್ತು. ಮೂವತ್ತೊಂಬತ್ತು ಹುಳಗಳನ್ನು ಕಂಡ ಕಣ್ಣು. ಬೇರೆ ಕಡೆ ನೋಡಬೇಕೆನಿಸಿತು, ನೋಡಲಿಲ್ಲ. ನೋಡುವುದೇ ತನ್ನ ಕೆಲಸವಾಗಿರುವಾಗ ಇದೊಂದನ್ನು ನೋಡದೆ ಇರುವುದು ಸರಿಯಲ್ಲ ಎನಿಸಿತು.

"ಹೊಗೆ ಕಾಣುತ್ತೆ," ಎಂದರು ಮೇಷ್ಟ್ರು, ತಲೆಯೆತ್ತದೆ. "ನೀನೇ ಎಣಿಸು."

ಅವಳು ಎಣಿಸಿದಳು. ಗಟ್ಟಿಯಾಗಿ, ಒಂದು, ಎರಡು ಎಂದು, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ. ಆರಕ್ಕೆ ನಿಲ್ಲಿಸಿದಳು. ಮೇಷ್ಟ್ರು ಇನ್ನೂ ಒಂದಕ್ಕೆ ಕಾದಂತೆ ಅವಳತ್ತ ಕಿವಿಗೊಟ್ಟೇ ನಿಂತಿದ್ದರು.

"ನಾನು ನೋಡ್ಬೇಕಿತ್ತು," ಎಂದರು. "ಹುಳ ನೋಡದೆ ಹುಳದ ಮೇಲೆ ಬರೆದೆ. ನನ್ನ ಕೈಕೆಳಗೆ ಕಲಿತವರು ಯಾರಾದ್ರೂ ಹಾಗೆ ಮಾಡಿದ್ರೆ ಕಿವಿ ಹಿಂಡ್ತಿದ್ದೆ." ಕುರ್ಚಿಯಲ್ಲಿ ಕೂತು, ಪೋಸ್ಟರಿನ ಚಿಕ್ಕ ಪ್ರತಿಯನ್ನು ಹತ್ತಿರ ಎಳೆದುಕೊಂಡು ಬಲಗಾಲಿನ ಕೀಲನ್ನು ಉಗುರಿನಿಂದ ಸವರಿದರು. "ಒಂದು ಮಾತು ಕೇಳ್ತೀನಿ. ನೀನು ಹೇಳದೆ ಇದ್ದಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತಾ?"

"ಇಲ್ಲ ಸರ್," ಎಂದಳು.

ಮೇಷ್ಟ್ರು ಅವಳನ್ನೇ ನೋಡಿದರು. ಹುಬ್ಬಿನ ನಡುವೆ ಇದ್ದ ಗಂಟು ಮೆಲ್ಲನೆ ಸಡಿಲವಾಯಿತು. "ಅದನ್ನ ಹೇಳೋವಾಗ ಕತ್ತು ಎತ್ತಿದೆ ನೋಡು."

ಎತ್ತಿದ್ದಳು. ಇಳಿಸಬೇಕೆಂದುಕೊಂಡಳು, ಕತ್ತು ಇಳಿಯಲಿಲ್ಲ. ಆ ಕೂದಲನ್ನು ಜಗತ್ತಿನಲ್ಲಿ ಬೇರೆ ಒಬ್ಬರೂ ಕಂಡುಹಿಡಿಯುತ್ತಿರಲಿಲ್ಲ, ಅವಳು ಕಂಡುಹಿಡಿದಿದ್ದಳು. ಅದನ್ನು ಇಟ್ಟವಳೂ ಅವಳೇ ಎಂಬುದು ಸುಳ್ಳಲ್ಲ, ಆದರೆ ಅದರಿಂದ ಮೊದಲನೆಯದು ಸುಳ್ಳಾಗುವುದಿಲ್ಲ. ಎರಡೂ ನಿಜಗಳು ಒಂದೇ ಹುಳದ ಮೇಲೆ ನಿಂತಿದ್ದವು.

"ಸರಿ, ಕೂತ್ಕೋ. ಪತ್ರ ಹೊಡಿ," ಎಂದರು. ಅವರು ಹೇಳಿದಂತೆ ಅವಳು ಕೀಲಿಮಣೆಯಲ್ಲಿ ಒತ್ತಿದಳು. ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ. ಕೆಲವು ತಾಂತ್ರಿಕ ಕಾರಣಗಳಿಂದ.

ಅವಳ ಬೆರಳು ನಿಂತಿತು. "ಕೆಲವು ಅಲ್ಲ ಸರ್. ಎರಡು."

"ಅವರಿಗ್ಯಾಕಮ್ಮ ಅಷ್ಟೆಲ್ಲ? ಹೆರಿಗೆ ಆಗಿಲ್ಲ ಅಂದ್ರೆ ಸಾಕು, ನೋವಿನ ಕಥೆ ಬೇಡ."

"ಬೇಕು ಸರ್. ಇಲ್ಲದಿದ್ರೆ ಹುಳದ್ದು ತಪ್ಪು ಅಂದ್ಕೋತಾರೆ."

ಮೇಷ್ಟ್ರು ಕೈಬೀಸಿದರು, ನಿನ್ನಿಷ್ಟ ಎಂಬಂತೆ. ಅವಳು ಬರೆದಳು: ಎಂಬತ್ತೆಂಟು ಮತ್ತು ಎಂಬತ್ತೊಂಬತ್ತನೆಯ ಫೋಟೋಗಳ ನಡುವೆ ಕಾಲು ಸರಿದು ಏಳನೆಯ ಬಿರುಗೂದಲು ಹುಟ್ಟಿತು, ಬಲ ಮುಂಗಾಲು ಎಡದ್ದರ ಪ್ರತಿ, ಪೋಸ್ಟರಿಗಾಗಿ ಇಟ್ಟದ್ದು, ಪ್ರಬಂಧಕ್ಕೆ ಕೊಡುವಾಗ ತಿಳಿಸಿರಲಿಲ್ಲ, ಕೂಡಿಸಿದವಳು ನಾನು. ವಾಕ್ಯಗಳು ಒಂದಕ್ಕೊಂದು ಕೀಲು ಕಾಣದಂತೆ ಕೂತವು. 'ನಾನು' ಎಂಬಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ, ನೆಟ್ಟಗಿನ ಅಕ್ಷರದಲ್ಲಿ, ಬಾಲವಿಲ್ಲದೆ ಹಾಕಿದಳು.

"ನೋಡದೆ ಬರೆದವನು ನಾನು ಅಂತ ನಂದೂ ಸೇರಿಸು," ಎಂದರು ಮೇಷ್ಟ್ರು. ಸೇರಿಸಿದಳು. ಅವರು ಪರದೆಯ ಹತ್ತಿರ ಬಗ್ಗಿ, ಕೈಮಸೂರ ಹಿಡಿದು, ಕೊನೆಯ ಸಾಲಿನವರೆಗೆ ಬಂದರು.

"ಹಿರಿಯರ ಹೆಸರು ಮೊದಲು ಹಾಕ್ಬೇಕು ಅಂತ ಯಾರೂ ಹೇಳಿಕೊಡ್ಲಿಲ್ವಾ ನಿನಗೆ?"

"ಕೆಲಸ ನಡೆದ ಕ್ರಮದಲ್ಲಿ ಹಾಕಿದೀನಿ ಸರ್."

ಮೇಷ್ಟ್ರು ಇನ್ನೊಮ್ಮೆ ಆ ಸಾಲನ್ನು ನೋಡಿದರು. ಗೋಡೆಯ ಗಡಿಯಾರ ಐದಕ್ಕೆ ಹನ್ನೆರಡು ನಿಮಿಷ ತೋರಿಸುತ್ತಿತ್ತು. "ಕ್ರಮ ಸರಿಯಾಗಿದೆ," ಎಂದು ಮೌಸನ್ನು ತಮ್ಮ ಕಡೆ ಎಳೆದುಕೊಂಡು, ಕಳಿಸುವ ಗುಂಡಿ ಎಲ್ಲಿದೆಯೆಂದು ಅವಳನ್ನು ಕೇಳಿ, ತಾವೇ ಒತ್ತಿದರು.